ತಂಡ ಕಟ್ಟಿದ ಮ್ಯಾಟ್ ಬಸ್ಬಿ

ಆಟದಲ್ಲಿ ಸೋಲು ಗೆಲುವುಗಳು ಸಹಜ. ಲೀಗ್ ಪದ್ಧತಿಯ ಪಂದ್ಯಾವಳಿಯಲ್ಲಿ ಇಂದು ಸೋತ ತಂಡವು ನಾಳೆ ಗೆದ್ದು ತನ್ನ ನಷ್ಟವನ್ನು ತುಂಬಿಕೊಳ್ಳಬಹುದು. ಆದರೆ ಸೋತವರು ಹೊರಬೀಳುವ ನಾಕ್‌ಔಟ್ ಪದ್ಧತಿಯಲ್ಲಿ ಅಂಥ ಅವಕಾಶವಿಲ್ಲ. ಅಲ್ಲಿ ಒಂದು ಸುತ್ತಿನ ಸೋಲು ಇಡೀ ವರ್ಷದ ಶ್ರಮವನ್ನು ಮುಗಿಸಿಬಿಡುತ್ತದೆ. ಮತ್ತೆ ಮೊದಲಿನಿಂದ ತೊಡಗಬೇಕು. ಇಂಥ ಪಂದ್ಯಾವಳಿಯೊಂದಕ್ಕೆ ತಮ್ಮ ಎಳೆಯ ಆಟಗಾರರನ್ನು ಕರೆದೊಯ್ದು, ಅವರಲ್ಲಿ ಎಂಟು ಮಂದಿಯನ್ನು ಮೃತ್ಯುವಿಗೆ ಒಪ್ಪಿಸಿ, ತಾವೂ ಸಾವಿನ ಅಂಚಿನವರೆಗೆ ಹೋಗಿ ಬಂದು, ಹತ್ತು ವರ್ಷಗಳ ತರುವಾಯ ಅದೇ ಪಂದ್ಯಾವಳಿಯನ್ನು ಗೆದ್ದುಕೊಟ್ಟವರು ಮ್ಯಾಟ್ ಬಸ್ಬಿ. ಕಾಲ್ಚೆಂಡಾಟದ ಇತಿಹಾಸದಲ್ಲಿ ಅವರ ಹೆಸರು ಉಳಿದಿರುವುದು ಗೆದ್ದ ಕಪ್ಪುಗಳಿಂದ ಮಾತ್ರವಲ್ಲ. ಮುರಿದುಬಿದ್ದುದನ್ನು ಮತ್ತೆ ಕಟ್ಟಿದ ಧೈರ್ಯದಿಂದ.

ಮ್ಯಾಟ್ ಬಸ್ಬಿ ೧೯೦೯ನೆಯ ಇಸವಿ ಮೇ ೨೬ರಂದು ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನಲ್ಲಿರುವ ಬೆಲ್ಸ್‌ಹಿಲ್ ಎಂಬ ಊರಿನ ಬಳಿಯ ಆರ್ಬಿಸ್ಟನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅದು ಕಲ್ಲಿದ್ದಲ ಗಣಿಗಳ ಪ್ರದೇಶ. ಗಣಿ ಕೆಲಸಗಾರರಿಗಾಗಿ ಕಟ್ಟಿದ್ದ ಸಾಲುಮನೆಗಳ ಪೈಕಿ ಎರಡು ಕೋಣೆಗಳ ಒಂದು ಮನೆ ಅವರದು. ತಂದೆ ಅಲೆಕ್ಸಾಂಡರ್ ಬಸ್ಬಿ ಗಣಿಯಲ್ಲಿ ದುಡಿಯುತ್ತಿದ್ದನು. ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವನು ಸೈನ್ಯವನ್ನು ಸೇರಿದನು. ೧೯೧೭ರಲ್ಲಿ ಫ್ರಾನ್ಸಿನ ಆರಾಸ್ ಎಂಬಲ್ಲಿ ನಡೆದ ಕಾಳಗದಲ್ಲಿ ಶತ್ರುವಿನ ಗುಂಡಿಗೆ ಬಲಿಯಾದನು. ಆಗ ಮ್ಯಾಟ್‌ಗೆ ಇನ್ನೂ ಎಂಟು ವರ್ಷ ತುಂಬಿರಲಿಲ್ಲ. ಅದೇ ಯುದ್ಧದಲ್ಲಿ ಅವನ ಸೋದರಮಾವ, ಚಿಕ್ಕಪ್ಪಂದಿರ ವರಸೆಯ ಮೂವರೂ ಮಡಿದರು. ಸಾವು ಎಂಬುದು ಆ ಮನೆಗೆ ಅಪರಿಚಿತವಾಗಿರಲಿಲ್ಲ.

ತಾಯಿ ನೆಲ್ಲಿ ಕಷ್ಟಪಟ್ಟು ಮಕ್ಕಳನ್ನು ಸಾಕಿದಳು. ಬಾಲಕ ಮ್ಯಾಟ್ ದೊಡ್ಡವನಾಗುತ್ತಲೇ ತಂದೆಯಂತೆ ಗಣಿಗೆ ಇಳಿದನು. ಭೂಮಿಯ ಒಡಲಲ್ಲಿ, ಹಗಲನ್ನು ಕಾಣದ ಕತ್ತಲಲ್ಲಿ, ಕಲ್ಲಿದ್ದಲನ್ನು ಕಡಿಯುವ ಕೆಲಸ ಅದು. ಅಲ್ಲಿ ಒಬ್ಬನ ಜೀವ ಪಕ್ಕದವನ ಎಚ್ಚರಿಕೆಯ ಮೇಲೆ ನಿಂತಿರುತ್ತದೆ. ಒಬ್ಬರಿಗೊಬ್ಬರು ಆಸರೆಯಾಗಿ ಬಾಳುವ ಪಾಠವನ್ನು ಮ್ಯಾಟ್ ಆ ಗಣಿಗಳ ನಾಡಿನಲ್ಲಿ ಕಲಿತನು. ಆ ನಾಡಿನ ಹುಡುಗರಿಗೆ ಇದ್ದ ಏಕೈಕ ಮನೋಲ್ಲಾಸವೆಂದರೆ ಕಾಲ್ಚೆಂಡಾಟ. ಮ್ಯಾಟ್ ಅದರಲ್ಲಿ ಬಲು ಬೇಗನೆ ಹೆಸರು ಪಡೆದನು. ಮಗನು ಗಣಿಯ ಕತ್ತಲಲ್ಲೇ ಸವೆದುಹೋಗಬಾರದೆಂದು ಬಯಸಿದ ತಾಯಿ, ಮಕ್ಕಳೊಡನೆ ಅಮೆರಿಕಕ್ಕೆ ವಲಸೆ ಹೋಗಲು ಸಿದ್ಧತೆ ನಡೆಸಿದ್ದಳು. ಅಷ್ಟರಲ್ಲಿ ೧೯೨೮ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಎಂಬ ಕ್ಲಬ್ಬಿನಿಂದ ಕರೆ ಬಂದಿತು. ಹದಿನೆಂಟು ವರ್ಷದ ಮ್ಯಾಟ್ ಹಡಗನ್ನೇರುವ ಬದಲು ರೈಲನ್ನೇರಿ ಮ್ಯಾಂಚೆಸ್ಟರಿಗೆ ಬಂದನು.

ಹೊಸ ಊರಿನ ಮೊದಲ ದಿನಗಳು ಸುಖಕರವಾಗಿರಲಿಲ್ಲ. ಮನೆಯ ನೆನಪು ಕಾಡುತ್ತಿತ್ತು. ಮುಂಚೂಣಿಯಲ್ಲಿ ನಿಂತು ಗೋಲು ಹೊಡೆಯುವ ಆಟ ಅವನಿಗೆ ಕೈಗೂಡಲಿಲ್ಲ. ಹಿರಿಯ ಆಟಗಾರರು ಹೊಸಬರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಎಲ್ಲವನ್ನೂ ಬಿಟ್ಟು ಊರಿಗೆ ಮರಳಿಬಿಡಬೇಕೆಂದು ಮ್ಯಾಟ್ ಯೋಚಿಸಿದ್ದೂ ಉಂಟು. ಒಂದು ದಿನ ಕೆಳದರ್ಜೆಯ ತಂಡದಲ್ಲಿ ಆಟಗಾರನೊಬ್ಬನ ಕೊರತೆ ಬಿದ್ದಿತು. ಆ ಸ್ಥಾನದಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ, ಮ್ಯಾಟ್‌ನನ್ನು ನಿಲ್ಲಿಸಿದರು. ಅಲ್ಲಿ ನಿಂತಾಗ ಅವನಿಗೆ ಇಡೀ ಆಟವು ಕಣ್ಣ ಮುಂದೆ ಬಿಚ್ಚಿಕೊಂಡಂತಾಯಿತು. ಚೆಂಡನ್ನು ಯಾರಿಗೆ, ಯಾವಾಗ, ಎಷ್ಟು ದೂರ ಕಳುಹಿಸಬೇಕೆಂಬ ತಿಳಿವು ಅವನಲ್ಲಿ ಸಹಜವಾಗಿಯೇ ಇದ್ದಿತು. ಅಂದಿನಿಂದ ಮ್ಯಾಟ್ ಬಸ್ಬಿ ದೇಶದ ಉತ್ತಮ ಆಟಗಾರರಲ್ಲಿ ಒಬ್ಬರೆನಿಸಿದರು. ೧೯೩೪ರಲ್ಲಿ ಮ್ಯಾಂಚೆಸ್ಟರ್ ಸಿಟಿಯು ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದಾಗ ಅವರು ಆ ತಂಡದಲ್ಲಿದ್ದರು. ೧೯೩೬ರಲ್ಲಿ ಅವರು ಲಿವರ್‌ಪೂಲ್ ಕ್ಲಬ್ಬಿಗೆ ಸೇರಿದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಸೈನ್ಯದ ವ್ಯಾಯಾಮ ಶಿಕ್ಷಣ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ಆ ವೇಳೆಗೆ ಅವರ ಆಟದ ಆಯುಷ್ಯ ಮುಗಿಯುತ್ತಾ ಬಂದಿದ್ದಿತು.

ಯುದ್ಧ ಮುಗಿದ ವರ್ಷ, ಅಂದರೆ ೧೯೪೫ರ ಅಕ್ಟೋಬರಿನಲ್ಲಿ, ಬಸ್ಬಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ವ್ಯವಸ್ಥಾಪಕರಾಗಿ ಅಧಿಕಾರ ವಹಿಸಿಕೊಂಡರು. ಅವರು ವಹಿಸಿಕೊಂಡದ್ದು ಅಕ್ಷರಶಃ ಒಂದು ಹಾಳು ಬಿದ್ದ ಕ್ಲಬ್ಬನ್ನು. ಅದರ ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣವು ೧೯೪೧ರಲ್ಲಿ ಜರ್ಮನರ ಬಾಂಬುದಾಳಿಗೆ ಸಿಕ್ಕಿ ನಾಶವಾಗಿತ್ತು. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ತನ್ನ ಪಂದ್ಯಗಳನ್ನು ನೆರೆಯ ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ ೧೯೪೯ರವರೆಗೂ ಬಾಡಿಗೆಗೆ ಆಡಬೇಕಾಯಿತು. ಬಸ್ಬಿ ಎದೆಗುಂದಲಿಲ್ಲ. ಆದರೆ ಅವರು ಕೆಲವು ಷರತ್ತುಗಳನ್ನು ಹಾಕಿದರು. ಮೂರು ವರ್ಷಗಳ ಒಪ್ಪಂದದ ಬದಲು ಐದು ವರ್ಷಗಳ ಒಪ್ಪಂದ ಬೇಕೆಂದರು. ತಂಡದ ಆಯ್ಕೆ ತಮ್ಮೊಬ್ಬರ ಕೈಯಲ್ಲೇ ಇರಬೇಕೆಂದರು. ಅಂದಿನ ದಿನಗಳಲ್ಲಿ ಕ್ಲಬ್ಬುಗಳ ನಿರ್ದೇಶಕರೇ ಆಟಗಾರರನ್ನು ಆರಿಸುವ ರೂಢಿ ಇದ್ದುದರಿಂದ ಈ ಬೇಡಿಕೆ ಅಪೂರ್ವವಾಗಿದ್ದಿತು. ವ್ಯವಸ್ಥಾಪಕರು ಕಚೇರಿಯ ಮೇಜಿನ ಹಿಂದೆ ಕುಳಿತಿರುತ್ತಿದ್ದ ಕಾಲದಲ್ಲಿ ಬಸ್ಬಿ ಆಟದ ಉಡುಪು ತೊಟ್ಟು ಆಟಗಾರರೊಡನೆ ಮೈದಾನಕ್ಕೆ ಇಳಿದರು. ಯುದ್ಧಕಾಲದಲ್ಲಿ ಇಟಲಿಯಲ್ಲಿ ಪರಿಚಯವಾಗಿದ್ದ ಜಿಮ್ಮಿ ಮರ್ಫಿ ಎಂಬ ವೇಲ್ಸ್ ದೇಶದವರನ್ನು ತಮ್ಮ ಸಹಾಯಕರನ್ನಾಗಿ ಕರೆತಂದರು. ಬಸ್ಬಿಯವರದು ಶಾಂತ ಸ್ವಭಾವ. ಮರ್ಫಿಯವರದು ಕಿಡಿಯಂಥ ಸ್ವಭಾವ. ಇಬ್ಬರೂ ಕೂಡಿ ನಡೆದರು. ೧೯೪೮ರಲ್ಲಿ ಎಫ್.ಎ. ಕಪ್, ೧೯೫೨ರಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿ ಯುನೈಟೆಡ್ ತಂಡದ ಪಾಲಾದವು.

ಈ ಗೆಲುವುಗಳಿಂದ ಬೇರೆಯವರಾಗಿದ್ದರೆ ತೃಪ್ತರಾಗುತ್ತಿದ್ದರು. ಆದರೆ ಬಸ್ಬಿಯವರ ದೃಷ್ಟಿ ಮುಂದಿನ ವರ್ಷಗಳ ಮೇಲಿದ್ದಿತು. ತಂಡದ ಆಟಗಾರರಿಗೆ ವಯಸ್ಸಾಗುತ್ತಿತ್ತು. ಹಣ ಕೊಟ್ಟು ಹೆಸರಾಂತ ಆಟಗಾರರನ್ನು ತರುವುದಕ್ಕಿಂತ, ಶಾಲೆಯನ್ನು ಆಗತಾನೆ ಬಿಟ್ಟ ಹುಡುಗರನ್ನು ಹುಡುಕಿ ತಂದು ಬೆಳೆಸುವುದು ಮೇಲೆಂದು ಅವರು ನಂಬಿದ್ದರು. ಊರೂರಿಗೆ ಹೋಗಿ ಬಾಲಕರ ಪಂದ್ಯಗಳನ್ನು ನೋಡಿ ಬರಲು ಅನುಭವಿಗಳನ್ನು ನೇಮಿಸಿದರು. ಬಂದ ಹುಡುಗರಿಗೆ ಒಳ್ಳೆಯ ಮನೆಗಳಲ್ಲಿ ವಸತಿ ಏರ್ಪಡಿಸಿದರು. ತಾವು ಹದಿನೆಂಟನೆಯ ವಯಸ್ಸಿನಲ್ಲಿ ಅನುಭವಿಸಿದ ಒಂಟಿತನವನ್ನು ಈ ಹುಡುಗರು ಅನುಭವಿಸಬಾರದೆಂಬುದು ಅವರ ಸಂಕಲ್ಪವಾಗಿದ್ದಿತು. ಪ್ರತಿಯೊಬ್ಬ ಹುಡುಗನ ಹೆಸರೂ, ಅವನ ತಂದೆತಾಯಿಗಳ ವಿಚಾರವೂ ಅವರಿಗೆ ತಿಳಿದಿರುತ್ತಿತ್ತು. ಡಡ್ಲಿ ಎಂಬ ಊರಿನಿಂದ ಬಂದ ಡಂಕನ್ ಎಡ್ವರ್ಡ್ಸ್ ಹದಿನಾರನೆಯ ವಯಸ್ಸಿನಲ್ಲಿಯೇ ಹಿರಿಯರ ತಂಡದಲ್ಲಿ ಆಡಿದನು. ಹದಿನೆಂಟರಲ್ಲಿ ಇಂಗ್ಲೆಂಡ್ ದೇಶವನ್ನು ಪ್ರತಿನಿಧಿಸಿದನು. ಗಣಿ ಕೆಲಸಗಾರನ ಮಗನಾದ ಬಾಬಿ ಚಾರ್ಲ್‌ಟನ್ ಬಂದನು. ಕ್ರೀಡಾಂಗಣಕ್ಕೆ ಸಮೀಪದ ಸ್ಯಾಲ್ಫರ್ಡಿನಿಂದ ಎಡ್ಡಿ ಕೋಲ್ಮನ್ ಬಂದನು. ಈ ಎಳೆಯರ ಪಡೆಯನ್ನು ಪತ್ರಿಕೆಗಳು ಬಸ್ಬಿಯ ಮಕ್ಕಳು ಎಂಬ ಅರ್ಥ ಬರುವ ಹೆಸರಿನಿಂದ ಕರೆದವು. ೧೯೫೬ ಮತ್ತು ೧೯೫೭ರಲ್ಲಿ ಈ ತಂಡ ಸತತವಾಗಿ ಎರಡು ಸಲ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಮೊದಲ ಸಲ ಗೆದ್ದಾಗ ಆಟಗಾರರ ಸರಾಸರಿ ವಯಸ್ಸು ಸುಮಾರು ೨೨ ವರ್ಷ ಮಾತ್ರ.

ಇದೇ ಹೊತ್ತಿಗೆ ಯುರೋಪಿನಲ್ಲಿ ಹೊಸದೊಂದು ಪಂದ್ಯಾವಳಿ ಹುಟ್ಟಿಕೊಂಡಿತ್ತು. ೧೯೫೪ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ತಂಡವು ಹಂಗೇರಿಯ ಹೊನ್ವೆಡ್ ತಂಡವನ್ನು ತನ್ನ ಮೈದಾನದಲ್ಲಿ ಸೋಲಿಸಿತು. ಅಲ್ಲಿಯ ಪತ್ರಿಕೆಗಳು ತಮ್ಮ ತಂಡವೇ ಜಗತ್ತಿಗೆ ಶ್ರೇಷ್ಠವೆಂದು ಕೊಂಡಾಡಿದವು. ಪ್ಯಾರಿಸ್ ನಗರದ ಲೆಕಿಪ್ ಎಂಬ ಕ್ರೀಡಾಪತ್ರಿಕೆಯ ಗಾಬ್ರಿಯೆಲ್ ಆನೊ ಇದನ್ನು ಒಪ್ಪಲಿಲ್ಲ. ತವರಿನಲ್ಲಿ ಒಂದು ಪಂದ್ಯ ಗೆದ್ದ ಮಾತ್ರಕ್ಕೆ ಶ್ರೇಷ್ಠತೆ ಸಿದ್ಧಿಸದೆಂದೂ, ಎದುರಾಳಿಯ ಊರಿಗೂ ಹೋಗಿ ಆಡಿ ಗೆಲ್ಲಬೇಕೆಂದೂ ಅವರು ವಾದಿಸಿದರು. ಆ ವಾದದ ಫಲವಾಗಿ ೧೯೫೫ರಲ್ಲಿ ಯುರೋಪಿಯನ್ ಕಪ್ ಪಂದ್ಯಾವಳಿಯು ೧೬ ಕ್ಲಬ್ಬುಗಳೊಡನೆ ಆರಂಭವಾಯಿತು. ಅದರ ನಿಯಮ ಸರಳವಾಗಿದ್ದಿತು. ಪ್ರತಿಯೊಂದು ಸುತ್ತಿನಲ್ಲಿ ಎರಡು ತಂಡಗಳು ಎರಡು ಬಾರಿ ಆಡಬೇಕು. ಒಂದು ಪಂದ್ಯ ತವರಿನಲ್ಲಿ, ಇನ್ನೊಂದು ಎದುರಾಳಿಯ ಊರಿನಲ್ಲಿ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿದಾಗ ಹೆಚ್ಚು ಗೋಲು ಪಡೆದ ತಂಡ ಮುಂದಿನ ಸುತ್ತಿಗೆ; ಉಳಿದುದು ಮನೆಗೆ. ಅಂತಿಮ ಪಂದ್ಯ ಮಾತ್ರ ಮೊದಲೇ ಗೊತ್ತುಪಡಿಸಿದ ಊರಿನಲ್ಲಿ ಒಂದೇ ಬಾರಿ ನಡೆಯುವುದು.

ಇಂಗ್ಲೆಂಡಿನ ಲೀಗ್ ಅಧಿಕಾರಿಗಳಿಗೆ ಈ ಪಂದ್ಯಾವಳಿ ರುಚಿಸಲಿಲ್ಲ. ವಾರದ ನಡುವೆ ಪರದೇಶಗಳಿಗೆ ಹೋಗಿ ಬಂದರೆ ತಮ್ಮ ಶನಿವಾರದ ಪಂದ್ಯಗಳು ಕೆಡುತ್ತವೆಂದು ಅವರು ಭಾವಿಸಿದರು. ಮೊದಲ ವರ್ಷ ಚೆಲ್ಸಿ ಕ್ಲಬ್ಬು ಅವರ ಮಾತಿಗೆ ಮಣಿದು ಹಿಂದೆ ಸರಿಯಿತು. ೧೯೫೬ರಲ್ಲಿ ಯುನೈಟೆಡ್ ತಂಡಕ್ಕೆ ಆಹ್ವಾನ ಬಂದಾಗ ಬಸ್ಬಿ ಹಿಂದೆ ಸರಿಯಲಿಲ್ಲ. ಆಟವು ಇಂಗ್ಲೆಂಡಿನ ಗಡಿಯನ್ನು ದಾಟಿ ಬೆಳೆದಿದೆ, ಅದನ್ನು ಅರಿಯದೆ ಕುಳಿತರೆ ಹಿಂದುಳಿಯುತ್ತೇವೆ ಎಂಬುದು ಅವರ ಅಭಿಪ್ರಾಯವಾಗಿದ್ದಿತು. ಹೀಗೆ ಯುರೋಪಿಯನ್ ಕಪ್ಪಿನಲ್ಲಿ ಆಡಿದ ಮೊದಲ ಇಂಗ್ಲಿಷ್ ತಂಡವೆಂಬ ಗೌರವ ಯುನೈಟೆಡ್‌ಗೆ ದೊರೆಯಿತು. ಈ ನಿರ್ಧಾರವೇ ಮುಂದೆ ಅವರ ಬಾಳಿನ ಅತಿ ದೊಡ್ಡ ಕೀರ್ತಿಗೂ, ಅತಿ ದೊಡ್ಡ ದುಃಖಕ್ಕೂ ಕಾರಣವಾಯಿತು.

ಮೊದಲ ಸುತ್ತಿನಲ್ಲಿ ಬೆಲ್ಜಿಯಂ ದೇಶದ ಆಂಡರ್‌ಲೆಕ್ಟ್ ತಂಡವನ್ನು ಅದರ ಊರಿನಲ್ಲಿ ೨–೦ ಗೋಲುಗಳಿಂದಲೂ, ಮ್ಯಾಂಚೆಸ್ಟರಿನಲ್ಲಿ ೧೦–೦ ಗೋಲುಗಳಿಂದಲೂ ಬಸ್ಬಿಯವರ ಹುಡುಗರು ಸೋಲಿಸಿದರು. ಅನಂತರ ಜರ್ಮನಿಯ ಬೊರೂಸಿಯಾ ಡಾರ್ಟ್‌ಮಂಡ್ ತಂಡ ಹೊರಬಿದ್ದಿತು. ಕ್ವಾರ್ಟರ್ ಫೈನಲಿನಲ್ಲಿ ಸ್ಪೇನಿನ ಬಿಲ್ಬಾವೊ ನಗರದಲ್ಲಿ ಹಿಮ ಬೀಳುತ್ತಿದ್ದ ಮೈದಾನದಲ್ಲಿ ಯುನೈಟೆಡ್ ೩–೫ರಿಂದ ಸೋತಿತು. ಎರಡು ಗೋಲುಗಳ ಹಿನ್ನಡೆ. ಆದರೆ ಮರುಪಂದ್ಯದಲ್ಲಿ ಮ್ಯಾಂಚೆಸ್ಟರಿನ ಜನಸ್ತೋಮದ ಎದುರು ೩–೦ಯಿಂದ ಗೆದ್ದು, ಒಟ್ಟು ೬–೫ರ ಲೆಕ್ಕದಲ್ಲಿ ಮುನ್ನಡೆಯಿತು. ಸೆಮಿಫೈನಲಿನಲ್ಲಿ ಎದುರಾದುದು ಆ ಕಾಲದ ಅತ್ಯಂತ ಬಲಿಷ್ಠ ತಂಡವಾದ ರಿಯಲ್ ಮ್ಯಾಡ್ರಿಡ್. ಮ್ಯಾಡ್ರಿಡ್ ನಗರದಲ್ಲಿ ೧–೩ರಿಂದ ಸೋತು, ತವರಿನಲ್ಲಿ ೨–೨ರಿಂದ ಸಮಮಾಡಿಕೊಂಡ ಯುನೈಟೆಡ್ ಹೊರಬಿದ್ದಿತು. ಸೋತರೂ ಬಸ್ಬಿ ನಿರಾಶರಾಗಲಿಲ್ಲ. ಹುಡುಗರು ಇನ್ನೂ ಎಳೆಯರು. ಅವರ ಕಾಲ ಮುಂದಿದೆ ಎಂದು ಅವರು ನಂಬಿದ್ದರು.

ಮರುವರ್ಷ ಯುನೈಟೆಡ್ ಮತ್ತೆ ಆ ಪಂದ್ಯಾವಳಿಯನ್ನು ಪ್ರವೇಶಿಸಿತು. ಐರ್ಲೆಂಡಿನ ಶ್ಯಾಮ್‌ರಾಕ್ ರೋವರ್ಸ್, ಚೆಕೊಸ್ಲೊವಾಕಿಯಾದ ಡುಕ್ಲಾ ಪ್ರಾಗ್ ತಂಡಗಳನ್ನು ದಾಟಿ ಕ್ವಾರ್ಟರ್ ಫೈನಲಿಗೆ ಬಂದಿತು. ಪ್ರಾಗ್ ನಗರದಿಂದ ಹಿಂದಿರುಗುವಾಗ ಇಂಗ್ಲೆಂಡಿನಲ್ಲಿ ಮಂಜು ಕವಿದುದರಿಂದ ವಿಮಾನ ಇಳಿಯಲಾಗದೆ, ತಂಡವು ಆಮ್‌ಸ್ಟರ್‌ಡ್ಯಾಮ್ ಮಾರ್ಗವಾಗಿ ಹಡಗಿನಲ್ಲಿಯೂ ರೈಲಿನಲ್ಲಿಯೂ ಪ್ರಯಾಣ ಮಾಡಿ ದಣಿದು ಊರು ಸೇರಿತು. ಶನಿವಾರದ ಲೀಗ್ ಪಂದ್ಯಕ್ಕೆ ತಡವಾದರೆ ಅಧಿಕಾರಿಗಳು ಸುಮ್ಮನಿರುವಂತಿರಲಿಲ್ಲ. ಆದ್ದರಿಂದ ಮುಂದಿನ ಪ್ರಯಾಣಕ್ಕೆ ತಂಡಕ್ಕಾಗಿಯೇ ಒಂದು ವಿಮಾನವನ್ನು ಬಾಡಿಗೆಗೆ ಪಡೆದರು.

ಆ ಪ್ರಯಾಣ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡಿಗೆ. ಎದುರಾಳಿ ರೆಡ್ ಸ್ಟಾರ್ ತಂಡವನ್ನು ಯುನೈಟೆಡ್ ಮ್ಯಾಂಚೆಸ್ಟರಿನಲ್ಲಿ ೨–೧ರಿಂದ ಸೋಲಿಸಿತ್ತು. ೧೯೫೮ರ ಫೆಬ್ರವರಿ ೫ರಂದು ನಡೆದ ಎರಡನೆಯ ಪಂದ್ಯದ ವಿರಾಮದ ವೇಳೆಗೆ ಯುನೈಟೆಡ್ ಮೂರು ಗೋಲುಗಳಿಂದ ಮುಂದಿತ್ತು. ವಿರಾಮದ ನಂತರ ರೆಡ್ ಸ್ಟಾರ್ ಮೂರು ಗೋಲುಗಳನ್ನು ಹೊಡೆದು ಸಮಮಾಡಿತು. ಕೊನೆಯ ಗಳಿಗೆಯವರೆಗೂ ಹೋರಾಟ ನಡೆದು, ಒಟ್ಟು ೫–೪ರ ಲೆಕ್ಕದಲ್ಲಿ ಯುನೈಟೆಡ್ ಸೆಮಿಫೈನಲನ್ನು ತಲುಪಿತು. ಮರುದಿನ ಸಂತೋಷದಿಂದ ಎಲ್ಲರೂ ವಿಮಾನವನ್ನು ಹತ್ತಿದರು.

ಇಂಧನ ತುಂಬಿಕೊಳ್ಳಲು ವಿಮಾನವು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇಳಿಯಿತು. ಅಲ್ಲಿ ಹಿಮ ಬೀಳುತ್ತಿತ್ತು. ಮತ್ತೆ ಹೊರಡಲು ಎರಡು ಬಾರಿ ಪ್ರಯತ್ನಿಸಿದ ವಿಮಾನ ಎರಡು ಬಾರಿಯೂ ನಿಂತಿತು. ಪ್ರಯಾಣಿಕರು ಕೆಳಗಿಳಿದು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹತ್ತಿದರು. ಮೂರನೆಯ ಬಾರಿ ವಿಮಾನವು ವೇಗವಾಗಿ ಓಡಿತು; ಆದರೆ ರನ್‌ವೇಯ ಮೇಲೆ ನಿಂತಿದ್ದ ಅರೆಗರಗಿದ ಹಿಮ ಅದರ ವೇಗವನ್ನು ತಗ್ಗಿಸಿತು. ಮೇಲಕ್ಕೇರಲಾರದ ವಿಮಾನ ಬೇಲಿಯನ್ನು ಮುರಿದುಕೊಂಡು ಹೋಗಿ ಒಂದು ಮನೆಗೆ ಬಡಿಯಿತು. ವಿಮಾನದಲ್ಲಿದ್ದ ೪೪ ಜನರಲ್ಲಿ ಒಟ್ಟು ೨೩ ಮಂದಿ ಅಸುನೀಗಿದರು. ನಾಯಕ ರೋಜರ್ ಬರ್ನ್, ಜೆಫ್ ಬೆಂಟ್, ಎಡ್ಡಿ ಕೋಲ್ಮನ್, ಮಾರ್ಕ್ ಜೋನ್ಸ್, ಡೇವಿಡ್ ಪೆಗ್, ಟಾಮಿ ಟೇಲರ್, ಲಿಯಾಮ್ ವೇಲನ್ ಎಂಬ ಏಳು ಮಂದಿ ಆಟಗಾರರು ಸ್ಥಳದಲ್ಲಿಯೇ ಸತ್ತರು. ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಹದಿನೈದು ದಿನ ಮೃತ್ಯುವಿನೊಡನೆ ಸೆಣಸಿ ಫೆಬ್ರವರಿ ೨೧ರಂದು ಕೊನೆಯುಸಿರೆಳೆದನು. ಆಗ ಅವನಿಗೆ ೨೧ ವರ್ಷ. ಕ್ಲಬ್ಬಿನ ಕಾರ್ಯದರ್ಶಿ, ಇಬ್ಬರು ತರಬೇತುದಾರರು, ಎಂಟು ಮಂದಿ ಪತ್ರಕರ್ತರು ಮಡಿದರು. ಆ ಪತ್ರಕರ್ತರಲ್ಲಿ ಬಸ್ಬಿಯವರ ಹಳೆಯ ಜೊತೆಗಾರರೂ, ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರರೂ ಆಗಿದ್ದ ಫ್ರ್ಯಾಂಕ್ ಸ್ವಿಫ್ಟ್ ಒಬ್ಬರು. ಬದುಕುಳಿದವರ ಪೈಕಿ ಇಬ್ಬರು ಆಟಗಾರರು ಮತ್ತೆಂದೂ ಆಡಲಾಗಲಿಲ್ಲ. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ತನ್ನ ಪ್ರಾಣದ ಹಂಗು ತೊರೆದು ಮುರಿದ ವಿಮಾನದೊಳಕ್ಕೆ ಮತ್ತೆ ನುಗ್ಗಿ ಪ್ರಯಾಣಿಕರನ್ನು ಹೊರಕ್ಕೆ ತಂದನು. ಅವರಲ್ಲಿ ಒಂದು ಹಸುಗೂಸೂ ಇದ್ದಿತು.

ಬಸ್ಬಿಯವರ ಎದೆ, ಕಾಲುಗಳಿಗೆ ಭಾರಿ ಪೆಟ್ಟಾಗಿತ್ತು. ಮ್ಯೂನಿಕ್ಕಿನ ಆಸ್ಪತ್ರೆಯಲ್ಲಿ ಅವರನ್ನು ಆಮ್ಲಜನಕದ ಗುಡಾರದೊಳಗೆ ಮಲಗಿಸಿದರು. ಅವರು ಉಳಿಯಲಾರರೆಂದು ಭಾವಿಸಿ ಪಾದ್ರಿಗಳು ಎರಡು ಬಾರಿ ಮರಣಕಾಲದ ಪ್ರಾರ್ಥನೆಯನ್ನು ಸಲ್ಲಿಸಿದರು. ಪ್ರೊಫೆಸರ್ ಗೇಯೊರ್ಗ್ ಮೌರರ್ ಎಂಬ ಜರ್ಮನ್ ವೈದ್ಯರೂ ಅವರ ಸಿಬ್ಬಂದಿಯೂ ಹಗಲಿರುಳು ಶುಶ್ರೂಷೆ ಮಾಡಿದರು. ಹದಿಮೂರು ವರ್ಷಗಳ ಹಿಂದೆ ಎರಡೂ ದೇಶಗಳು ಶತ್ರುಗಳಾಗಿದ್ದವು. ಜರ್ಮನಿಯ ಬಾಂಬುಗಳು ಯುನೈಟೆಡ್‌ನ ಮೈದಾನವನ್ನು ಕೆಡವಿದ್ದವು. ಈಗ ಜರ್ಮನ್ ಕೈಗಳೇ ಅದರ ಗುರುವನ್ನು ಸಾವಿನಿಂದ ಹಿಂದಕ್ಕೆ ಸೆಳೆದವು.

ದೇಹ ಚೇತರಿಸಿಕೊಳ್ಳುತ್ತಿದ್ದಂತೆ ಮನಸ್ಸಿನ ಗಾಯ ತೆರೆದುಕೊಂಡಿತು. ಯಾರು ಸತ್ತರು, ಯಾರು ಉಳಿದರು ಎಂಬುದನ್ನು ಮೊದಲು ಅವರಿಗೆ ತಿಳಿಸಿರಲಿಲ್ಲ. ಕೊನೆಗೆ ಅವರು ಪತ್ನಿ ಜೀನ್ ಬಳಿ ಒಬ್ಬೊಬ್ಬ ಹುಡುಗನ ಹೆಸರನ್ನೂ ಹೇಳುತ್ತ ಹೋದರು. ಆಕೆ ಬಾಯಿಬಿಟ್ಟು ಏನನ್ನೂ ಹೇಳಲಾರದೆ ತಲೆಯಾಡಿಸಿ ಉತ್ತರ ಕೊಟ್ಟರು. ಬಸ್ಬಿಯವರ ದುಃಖದೊಡನೆ ತಪ್ಪಿತಸ್ಥ ಭಾವನೆಯೂ ಬೆರೆತಿತು. ಯುರೋಪಿಗೆ ಹೋಗುವ ಹಟ ಹಿಡಿದವರು ತಾವು. ಮೂರನೆಯ ಬಾರಿ ಹೊರಡುವುದು ಬೇಡವೆಂದು ಹೇಳದೆ ಕುಳಿತವರು ತಾವು. ತಂದೆತಾಯಿಗಳು ನಂಬಿ ಒಪ್ಪಿಸಿದ ಮಕ್ಕಳನ್ನು ಮರಳಿ ಒಪ್ಪಿಸಲಾಗಲಿಲ್ಲ. ಇಂಥ ಯೋಚನೆಗಳಿಂದ ಬೆಂದ ಅವರು ಇನ್ನು ಕಾಲ್ಚೆಂಡಾಟದ ಸಹವಾಸವೇ ಬೇಡವೆಂದು ತೀರ್ಮಾನಿಸಿದ್ದರು. ಆಗ ಜೀನ್ ಅವರಿಗೆ ತಿಳಿಹೇಳಿದರು. ಗತಿಸಿದ ಹುಡುಗರು ಇದ್ದಿದ್ದರೆ ಅವರು ಈ ಕೆಲಸವನ್ನು ನಡುವೆ ಬಿಡುವುದನ್ನು ಎಂದೂ ಬಯಸುತ್ತಿರಲಿಲ್ಲವೆಂದು ಆಕೆ ನೆನಪಿಸಿದರು. ಆ ಮಾತು ಬಸ್ಬಿಯವರ ಮನಸ್ಸನ್ನು ತಿರುಗಿಸಿತು.

ಅವಘಡದ ಕಾರಣದ ಬಗ್ಗೆ ಬಹುಕಾಲ ವಿವಾದ ನಡೆಯಿತು. ಜರ್ಮನಿಯ ವಿಚಾರಣೆಯು ರೆಕ್ಕೆಗಳ ಮೇಲಿನ ಮಂಜುಗಡ್ಡೆಯನ್ನು ತೆಗೆಸದ ತಪ್ಪನ್ನು ವಿಮಾನದ ಕ್ಯಾಪ್ಟನ್ ಜೇಮ್ಸ್ ಥೇನ್ ಅವರ ಮೇಲೆ ಹೊರಿಸಿತು. ೧೯೬೯ರಲ್ಲಿ ಬ್ರಿಟನ್ನಿನ ವಿಚಾರಣೆಯು ರನ್‌ವೇಯ ಮೇಲಿನ ಅರೆಗರಗಿದ ಹಿಮವೇ ಕಾರಣವೆಂದು ಹೇಳಿ ಅವರನ್ನು ದೋಷಮುಕ್ತರನ್ನಾಗಿ ಮಾಡಿತು.

ಇತ್ತ ಮ್ಯಾಂಚೆಸ್ಟರಿನಲ್ಲಿ ಕ್ಲಬ್ಬಿನ ಹೊಣೆ ಜಿಮ್ಮಿ ಮರ್ಫಿಯವರ ಹೆಗಲಿಗೆ ಬಿದ್ದಿತು. ವೇಲ್ಸ್ ದೇಶದ ತಂಡವನ್ನು ನೋಡಿಕೊಳ್ಳುತ್ತಿದ್ದುದರಿಂದ ಅವರು ಬೆಲ್‌ಗ್ರೇಡಿಗೆ ಹೋಗಿರಲಿಲ್ಲ. ಅವಘಡವಾದ ಹದಿಮೂರು ದಿನಗಳಲ್ಲಿ ಎಫ್.ಎ. ಕಪ್ಪಿನ ಪಂದ್ಯವನ್ನು ಆಡಬೇಕಾಗಿತ್ತು. ಪಂದ್ಯದ ಪತ್ರಿಕೆಯನ್ನು ಅಚ್ಚು ಮಾಡುವಾಗ ಯಾರು ಆಡುವರೆಂಬುದೇ ತಿಳಿಯದೆ ಯುನೈಟೆಡ್‌ನ ಹನ್ನೊಂದು ಹೆಸರುಗಳ ಜಾಗವನ್ನು ಖಾಲಿ ಬಿಟ್ಟಿದ್ದರು. ಉಳಿದವರನ್ನೂ, ಅತಿ ಕಿರಿಯರನ್ನೂ, ಆತುರದಲ್ಲಿ ತಂದ ಹೊಸಬರನ್ನೂ ಕೂಡಿಸಿಕೊಂಡು ಮರ್ಫಿ ಕಟ್ಟಿದ ತಂಡ ಆ ಪಂದ್ಯವನ್ನು ೩–೦ಯಿಂದ ಗೆದ್ದಿತು. ಅದೇ ತಂಡ ಮೇ ತಿಂಗಳಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಗಿ ಸೋತಿತು. ಏಪ್ರಿಲ್ ೧೮ರಂದು ರೈಲು ಮತ್ತು ಹಡಗಿನಲ್ಲಿ ಊರಿಗೆ ಮರಳಿದ್ದ ಬಸ್ಬಿ, ಕೋಲೂರಿಕೊಂಡು ಬಂದು ಆ ಪಂದ್ಯವನ್ನು ನೋಡಿದರು. ಯುರೋಪಿಯನ್ ಕಪ್ಪಿನ ಸೆಮಿಫೈನಲಿನಲ್ಲಿ ಮಿಲಾನ್ ತಂಡವನ್ನು ತವರಿನಲ್ಲಿ ೨–೧ರಿಂದ ಸೋಲಿಸಿದ ಯುನೈಟೆಡ್, ಇಟಲಿಯಲ್ಲಿ ೦–೪ರಿಂದ ಸೋತು ಹೊರಬಿದ್ದಿತು. ಆ ಪ್ರಯಾಣವನ್ನು ತಂಡವು ವಿಮಾನದಲ್ಲಿ ಮಾಡಲಿಲ್ಲ.

ಬಸ್ಬಿ ಎರಡನೆಯ ಬಾರಿ ತಂಡ ಕಟ್ಟಲು ತೊಡಗಿದರು. ಇದು ಒಂದೆರಡು ವರ್ಷಗಳ ಕೆಲಸವಾಗಿರಲಿಲ್ಲ. ಮ್ಯೂನಿಕ್ಕಿನಲ್ಲಿ ಬದುಕುಳಿದ ಬಾಬಿ ಚಾರ್ಲ್‌ಟನ್ ಮತ್ತು ಬಿಲ್ ಫೋಕ್ಸ್ ತಂಡದ ಆಧಾರಸ್ತಂಭಗಳಾದರು. ೧೯೬೨ರಲ್ಲಿ ಇಟಲಿಯಿಂದ ಡೆನಿಸ್ ಲಾ ಎಂಬ ಸ್ಕಾಟ್ಲೆಂಡಿನ ಆಟಗಾರನನ್ನು ತಂದರು. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಿಂದ ಜಾರ್ಜ್ ಬೆಸ್ಟ್ ಎಂಬ ಸಣಕಲ ಹುಡುಗ ಬಂದನು. ಊರಿನ ನೆನಪು ಕಾಡಿ ಅವನು ಬಂದ ಕೆಲವೇ ದಿನಗಳಲ್ಲಿ ಮನೆಗೆ ಓಡಿಹೋದಾಗ, ಬಸ್ಬಿ ಅವನ ತಂದೆಯೊಡನೆ ಮಾತನಾಡಿ ಮತ್ತೆ ಕರೆಸಿಕೊಂಡರು. ೧೯೬೩ರಲ್ಲಿ ಯುನೈಟೆಡ್ ಲೀಗಿನ ೨೨ ತಂಡಗಳಲ್ಲಿ ೧೯ನೆಯ ಸ್ಥಾನಕ್ಕೆ ಕುಸಿದಿತ್ತು. ಆದರೆ ಅದೇ ವರ್ಷ ಎಫ್.ಎ. ಕಪ್ಪನ್ನು ಗೆದ್ದಿತು. ೧೯೬೫ರಲ್ಲಿ ಲೀಗ್ ಪ್ರಶಸ್ತಿಯೂ ಬಂದಿತು. ಅದರೊಡನೆ ಯುರೋಪಿಯನ್ ಕಪ್ಪಿನ ಬಾಗಿಲು ಮತ್ತೆ ತೆರೆಯಿತು.

೧೯೬೬ರ ಮಾರ್ಚಿನಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಬೆನ್ಫಿಕಾ ತಂಡದ ಎದುರು ಕ್ವಾರ್ಟರ್ ಫೈನಲಿನ ಎರಡನೆಯ ಪಂದ್ಯ. ಮೊದಲ ಇಪ್ಪತ್ತು ನಿಮಿಷ ಎಚ್ಚರಿಕೆಯಿಂದ ಆಡಬೇಕೆಂದು ಬಸ್ಬಿ ತಾಕೀತು ಮಾಡಿದ್ದರು. ಹತ್ತೊಂಬತ್ತು ವರ್ಷದ ಬೆಸ್ಟ್ ಹನ್ನೆರಡು ನಿಮಿಷಗಳೊಳಗೆ ಎರಡು ಗೋಲು ಹೊಡೆದುಬಿಟ್ಟನು! ಯುನೈಟೆಡ್ ೫–೧ರಿಂದ ಗೆದ್ದಿತು. ಆದರೆ ಸೆಮಿಫೈನಲಿನ ದಾರಿ ಮತ್ತೆ ಬೆಲ್‌ಗ್ರೇಡಿಗೇ ಹೋಗಿತ್ತು. ಅಲ್ಲಿ ಪಾರ್ಟಿಜಾನ್ ತಂಡಕ್ಕೆ ೦–೨ರಿಂದ ಸೋತ ಯುನೈಟೆಡ್ ತವರಿನಲ್ಲಿ ಒಂದೇ ಗೋಲು ಗಳಿಸಿ ಹೊರಬಿದ್ದಿತು. ಸೆಮಿಫೈನಲಿನಲ್ಲಿ ಇದು ಮೂರನೆಯ ಸೋಲು. ಬಸ್ಬಿಯವರಿಗೆ ಆಗ ೫೬ ವರ್ಷ ದಾಟಿತ್ತು. ಇನ್ನು ತಮ್ಮ ಕೈಯಲ್ಲಿ ಆಗದೆಂಬ ನಿರಾಶೆ ಅವರನ್ನು ಕವಿಯಿತು. ಆದರೂ ಮರುವರ್ಷ ತಂಡ ಮತ್ತೆ ಲೀಗನ್ನು ಗೆದ್ದು ಇನ್ನೊಂದು ಅವಕಾಶವನ್ನು ದೊರಕಿಸಿಕೊಂಡಿತು.

೧೯೬೭–೬೮ರ ಪಂದ್ಯಾವಳಿಯಲ್ಲಿ ಮಾಲ್ಟಾದ ಹೈಬರ್ನಿಯನ್ಸ್, ಯುಗೊಸ್ಲಾವಿಯಾದ ಸರಾಯೆವೊ, ಪೋಲೆಂಡಿನ ಗೂರ್ನಿಕ್ ತಂಡಗಳನ್ನು ಯುನೈಟೆಡ್ ಒಂದೊಂದಾಗಿ ದಾಟಿತು. ಸೆಮಿಫೈನಲಿನಲ್ಲಿ ಮತ್ತೆ ಎದುರಾದುದು ರಿಯಲ್ ಮ್ಯಾಡ್ರಿಡ್! ಮ್ಯಾಂಚೆಸ್ಟರಿನಲ್ಲಿ ಬೆಸ್ಟ್ ಹೊಡೆದ ಒಂದೇ ಗೋಲಿನಿಂದ ಯುನೈಟೆಡ್ ಗೆದ್ದಿತು. ಮೇ ೧೫ರಂದು ಮ್ಯಾಡ್ರಿಡ್ ನಗರದಲ್ಲಿ ವಿರಾಮದ ವೇಳೆಗೆ ಯುನೈಟೆಡ್ ೧–೩ರಿಂದ ಹಿಂದೆ ಬಿದ್ದಿತ್ತು. ಆಟಗಾರರು ತಲೆತಗ್ಗಿಸಿ ಕುಳಿತಿದ್ದರು. ಬಸ್ಬಿ ಗದರಿಸಲಿಲ್ಲ. ಎರಡೂ ಪಂದ್ಯಗಳ ಲೆಕ್ಕ ಹಿಡಿದರೆ ತಾವು ಹಿಂದಿರುವುದು ಒಂದೇ ಒಂದು ಗೋಲಿನಿಂದ ಎಂಬುದನ್ನು ಶಾಂತವಾಗಿ ನೆನಪಿಸಿ, ಹೆದರದೆ ಮುನ್ನುಗ್ಗಿ ಆಡುವಂತೆ ಹೇಳಿದರು. ವಿರಾಮದ ನಂತರ ಡೇವಿಡ್ ಸ್ಯಾಡ್ಲರ್ ಒಂದು ಗೋಲು ಗಳಿಸಿ ಲೆಕ್ಕವನ್ನು ಸಮಮಾಡಿದನು. ಕೆಲವೇ ನಿಮಿಷಗಳಲ್ಲಿ, ರಕ್ಷಣೆಯ ಸಾಲನ್ನು ಬಿಟ್ಟು ಕದಲದ ಬಿಲ್ ಫೋಕ್ಸ್ ಯಾರೂ ನಿರೀಕ್ಷಿಸದಿದ್ದಾಗ ಎದುರಾಳಿಯ ಗೋಲಿನ ಬಳಿಗೆ ಓಡಿ ಬಂದು, ಬೆಸ್ಟ್ ಕಳುಹಿಸಿದ ಚೆಂಡನ್ನು ಒಳಕ್ಕೆ ಸೇರಿಸಿದನು. ಪಂದ್ಯ ೩–೩, ಒಟ್ಟು ೪–೩. ಮ್ಯೂನಿಕ್ಕಿನ ಹಿಮದಿಂದ ಎದ್ದು ಬಂದವನೇ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದಿದ್ದನು.

೧೯೬೮ರ ಮೇ ೨೯ರಂದು ಲಂಡನ್ ನಗರದ ವೆಂಬ್ಲಿ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಬೆನ್ಫಿಕಾ. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಡೆನಿಸ್ ಲಾ ಆಡುವಂತಿರಲಿಲ್ಲ. ನಾಯಕ ಚಾರ್ಲ್‌ಟನ್ ತಲೆಯಿಂದ ಹೊಡೆದ ಗೋಲಿನಿಂದ ಯುನೈಟೆಡ್ ಮುನ್ನಡೆಯಿತು. ಹತ್ತು ನಿಮಿಷ ಉಳಿದಿರುವಾಗ ಬೆನ್ಫಿಕಾ ಸಮಮಾಡಿತು. ಕೊನೆಯ ಗಳಿಗೆಯಲ್ಲಿ ಆ ಕಾಲದ ಮಹಾನ್ ಆಟಗಾರನಾದ ಯುಸೇಬಿಯೊ ಗೋಲ್‌ಕೀಪರ್ ಅಲೆಕ್ಸ್ ಸ್ಟೆಪ್ನಿಯೊಬ್ಬನ ಎದುರಿಗೇ ಬಂದು ಬಲವಾಗಿ ಚೆಂಡನ್ನು ಒದ್ದನು. ಸ್ಟೆಪ್ನಿ ಅದನ್ನು ಎದೆಗೆ ಅವಚಿ ಹಿಡಿದನು. ಯುಸೇಬಿಯೊ ಅವನಿಗೆ ಚಪ್ಪಾಳೆ ತಟ್ಟಿದನು. ಹೆಚ್ಚುವರಿ ಅವಧಿಯಲ್ಲಿ ಬೆಸ್ಟ್ ಒಂದು ಗೋಲು ಹೊಡೆದನು. ಅಂದೇ ಹತ್ತೊಂಬತ್ತು ವರ್ಷ ತುಂಬಿದ ಬ್ರಯನ್ ಕಿಡ್ ಇನ್ನೊಂದನ್ನು ಸೇರಿಸಿದನು. ಚಾರ್ಲ್‌ಟನ್ ನಾಲ್ಕನೆಯದನ್ನು ಹೊಡೆದನು. ೪–೧ರಿಂದ ಗೆದ್ದ ಯುನೈಟೆಡ್, ಯುರೋಪಿಯನ್ ಕಪ್ಪನ್ನು ಪಡೆದ ಮೊದಲ ಇಂಗ್ಲಿಷ್ ತಂಡವಾಯಿತು. ಪಂದ್ಯ ಮುಗಿದಾಗ ಆಟಗಾರರು ಮೊದಲು ಓಡಿದ್ದು ಬಸ್ಬಿಯವರ ಬಳಿಗೆ. ಚಾರ್ಲ್‌ಟನ್ ಮತ್ತು ಬಸ್ಬಿ ಅಪ್ಪಿಕೊಂಡು ಕಣ್ಣೀರು ಸುರಿಸಿದರು. ಆ ಕಣ್ಣೀರು ಗೆಲುವಿನದೋ, ಅಗಲಿದವರ ನೆನಪಿನದೋ ಎಂದು ಬೇರ್ಪಡಿಸುವುದು ಸಾಧ್ಯವಿರಲಿಲ್ಲ.

ಅದೇ ವರ್ಷ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನು ನೀಡಿ ಗೌರವಿಸಿತು. ೧೯೬೯ರಲ್ಲಿ ಬಸ್ಬಿ ವ್ಯವಸ್ಥಾಪಕ ಹುದ್ದೆಯಿಂದ ನಿವೃತ್ತರಾದರು. ೧೯೭೦ರ ಕೊನೆಯಲ್ಲಿ ಕ್ಲಬ್ಬು ಸಂಕಟಕ್ಕೆ ಸಿಲುಕಿದಾಗ ಕೆಲವು ತಿಂಗಳು ಮತ್ತೆ ಹೊಣೆ ಹೊತ್ತರು. ೧೯೮೦ರಲ್ಲಿ ಕ್ಲಬ್ಬಿನ ಅಧ್ಯಕ್ಷ ಗೌರವ ಅವರಿಗೆ ಸಂದಿತು. ೧೯೯೪ರ ಜನವರಿ ೨೦ರಂದು, ತಮ್ಮ ೮೪ನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು. ಓಲ್ಡ್ ಟ್ರ್ಯಾಫರ್ಡ್ ಕ್ರೀಡಾಂಗಣದ ಮುಂದಿನ ರಸ್ತೆ ಅವರ ಹೆಸರನ್ನು ಹೊತ್ತಿದೆ; ಅಲ್ಲಿ ಅವರ ಪ್ರತಿಮೆ ನಿಂತಿದೆ. ಕ್ರೀಡಾಂಗಣದ ಗೋಡೆಯ ಮೇಲೆ ೧೯೫೮ರ ಫೆಬ್ರವರಿ ೬ನ್ನು ಸೂಚಿಸುವ ಒಂದು ಗಡಿಯಾರವಿದೆ. ೧೯೯೯ರಲ್ಲಿ ಯುನೈಟೆಡ್ ಎರಡನೆಯ ಬಾರಿ ಆ ಕಪ್ಪನ್ನು ಗೆದ್ದ ದಿನ ಮೇ ೨೬. ಅದು ಬಸ್ಬಿಯವರು ಹುಟ್ಟಿದ ದಿನ.

ಬಸ್ಬಿಯವರು ಗೆದ್ದ ಕಪ್ಪುಗಳಿಗಿಂತ ಹೆಚ್ಚು ಕಪ್ಪುಗಳನ್ನು ಗೆದ್ದವರು ಅವರ ನಂತರ ಬಂದಿದ್ದಾರೆ. ಆದರೆ ತನ್ನ ನಿರ್ಧಾರದಿಂದ ಒದಗಿದ ದುಃಖದ ಭಾರವನ್ನು ಬೇರೆಯವರ ಮೇಲೆ ಹೊರಿಸದೆ ತಾನೇ ಹೊತ್ತು, ಅದರಡಿಯಲ್ಲಿ ಕುಸಿಯದೆ, ಬಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಪಂದ್ಯಾವಳಿಯ ನಿಯಮದಂತೆ ಸೋತ ತಂಡ ಹೊರಬೀಳುತ್ತದೆ. ಬಾಳಿನಲ್ಲಿ ಹಾಗಲ್ಲ, ಅಲ್ಲಿ ಸೋತವನು ಮತ್ತೆ ಏಳುವ ಮನಸ್ಸು ಮಾಡುವವರೆಗೆ ಆಟ ಮುಗಿದಿರುವುದಿಲ್ಲ. ಮ್ಯಾಟ್ ಬಸ್ಬಿಯವರ ಜೀವನ ಇದಕ್ಕೆ ಉಜ್ವಲ ಸಾಕ್ಷಿಯಾಗಿದೆ.